ಕಂಪ್ಯೂಟರ್ ಕೋಣೆಯ ಬೀಗದಕೈ

ನಮ್ಮ ಶಾಲೆಯ ಸ್ಮಾರ್ಟ್ ಕ್ಲಾಸ್ ಉದ್ಘಾಟನೆಯಾದ ದಿನ ನಿರೂಪಣೆ ಮಾಡಿದವನು ನಾನೇ. ಕನ್ನಡ ಮೇಷ್ಟರು ಅಂದಮೇಲೆ ಊರಿನ ಯಾವ ಸಮಾರಂಭವಿದ್ದರೂ ಮೈಕು ನಮ್ಮ ಕೈಗೇ ಬರುತ್ತದೆ. ಟೇಪು ಕತ್ತರಿಸಿದರು, ಶಾಲು ಹೊದಿಸಿದರು, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹೃದಯ ಬಡಿದುಕೊಳ್ಳುವ ಬಣ್ಣದ ಚಿತ್ರ ಮೂಡಿತು. ನಾನು ಉತ್ಸಾಹದಲ್ಲಿ, 'ಇವತ್ತಿನಿಂದ ಹಳ್ಳಿಯ ಮಕ್ಕಳ ಕೈಗೆ ಇಡೀ ಜಗತ್ತು ಬಂದಿದೆ' ಎಂದೆ. ಚಪ್ಪಾಳೆ ಬಿತ್ತು. ಫೋಟೋಗಳು ಅರ್ಧ ಗಂಟೆಯಲ್ಲಿ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹೋದವು.

ಆರು ತಿಂಗಳ ಮೇಲೆ ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆ ಕೋಣೆಯ ಮುಂದಿನ ಪಡಸಾಲೆ ಗುಡಿಸುತ್ತಿದ್ದಳು. ಒಳಗೆ ಪರದೆಯ ಮೇಲೆ ಧೂಳು ಕೂರದಂತೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಯುಪಿಎಸ್ ಬ್ಯಾಟರಿ ಉಬ್ಬಿಹೋಗಿ ಎರಡು ತಿಂಗಳಾಗಿತ್ತು. ಬಾಗಿಲಿಗೆ ಬೀಗ. ನನ್ನನ್ನು ನೋಡಿ ಕಸಬರಿಗೆ ಹಿಡಿದುಕೊಂಡೇ ಕೇಳಿದಳು: 'ಸರ್, ಅವತ್ತು ನಮ್ಮ ಕೈಗೆ ಬಂತು ಅಂದಿದ್ರಲ್ರೀ. ಒಂದ್ಸಲನೂ ಮುಟ್ಟಿಲ್ರಿ ನಾವು.'

ಅವಳು ಕೊಂಕು ನುಡಿಯಲಿಲ್ಲ. ನಿಜವಾಗಿಯೂ ಕೇಳಿದಳು. ಆ ಕೋಣೆ ಚಾಲ್ತಿಯಲ್ಲಿದ್ದ ನಾಲ್ಕು ತಿಂಗಳಲ್ಲೂ ಅವಳು ಬೆಂಚಿನ ಮೇಲೆ ಕೈಕಟ್ಟಿಕೊಂಡು ಕೂತು ನೋಡಿದ್ದಳು, ಅಷ್ಟೆ. ರಿಮೋಟು ನಮ್ಮ ಕೈಯಲ್ಲಿತ್ತು. ಈ ಬರಹ ಅವಳಿಗೆ ನಾನು ಕೊಡದೇ ಹೋದ ಉತ್ತರ.

ಶಾಲೆಯಲ್ಲಿ ತಂತ್ರಜ್ಞಾನ ಎಂದ ಕೂಡಲೇ ನಮ್ಮಲ್ಲಿ ಎರಡು ಬಣಗಳು ಎದ್ದು ನಿಲ್ಲುತ್ತವೆ. ಒಂದು, ಮಾರುವವರದ್ದು ಮತ್ತು ಮಂಜೂರು ಮಾಡುವವರದ್ದು. ಅವರ ಪ್ರಕಾರ ಪರದೆ ಬಂದರೆ ಪಾಠ ಬಂತು. ಇನ್ನೊಂದು ನಮ್ಮದೇ ಬಣ, ಸಾಹಿತ್ಯ ಓದುವವರದ್ದು. ಸೀಮೆಸುಣ್ಣದ ಧೂಳು, ಬೇವಿನ ಮರದ ನೆರಳು, ಗುರುವಿನ ಕಣ್ಣಿನ ಬೆಳಕು, ಇವುಗಳ ಮುಂದೆ ಯಂತ್ರ ಯಾವ ಲೆಕ್ಕ ಎಂದು ನಾವು ಬರೆಯುತ್ತೇವೆ, ಓದಿ ತಲೆದೂಗುತ್ತೇವೆ. ಮೊದಲ ಬಣವನ್ನು ಬೈಯುವುದು ಸುಲಭ, ಅದನ್ನು ಮುಂದೆ ಮಾಡುತ್ತೇನೆ. ಆದರೆ ಮೊದಲು ನಮ್ಮ ಬಣದ ಲೆಕ್ಕ ಚುಕ್ತಾ ಆಗಲಿ.

ಸೀಮೆಸುಣ್ಣದ ಧೂಳನ್ನು ನಾನು ಹದಿನೆಂಟು ವರ್ಷ ಕುಡಿದಿದ್ದೇನೆ. ಅದರಲ್ಲಿ ಕಾವ್ಯವೇನೂ ಇಲ್ಲ, ಕೆಮ್ಮು ಇದೆ. ಈ ಬರಹವನ್ನು ನೀವು ಕಾಗದದ ಮೇಲೆ ಓದುತ್ತಿಲ್ಲ. ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಓದುತ್ತಿದ್ದೀರಿ. ನಮ್ಮ ಮಕ್ಕಳು, ಮೊಮ್ಮಕ್ಕಳು ಊರ ಹೊರಗಿನ ಖಾಸಗಿ ಶಾಲೆಯಲ್ಲಿ ಮೂರನೇ ತರಗತಿಗೇ ಪ್ರಾಜೆಕ್ಟ್ ಟೈಪು ಮಾಡುತ್ತಾರೆ. ಹಾಗಿದ್ದ ಮೇಲೆ ಸರಕಾರಿ ಶಾಲೆಯ ಮಗುವಿಗೆ ಮಾತ್ರ ಬೇವಿನ ಮರದ ನೆರಳು ಸಾಕು ಎನ್ನುವುದು ಯಾವ ನ್ಯಾಯ? ಒಂದು ಕಾಲಕ್ಕೆ ಅಕ್ಷರವೇ ಕೆಲವರಿಗೆ ಬೇಡ ಎನ್ನುವ ಮಾತು ಈ ನೆಲದಲ್ಲಿ ಇತ್ತು. ಅದನ್ನು ಹೇಳುತ್ತಿದ್ದವರು ಕೂಡ ಅಕ್ಷರ ಬಲ್ಲವರೇ ಆಗಿದ್ದರು.

ಅಚ್ಚಾದ ಪುಸ್ತಕವೂ ಒಂದು ಯಂತ್ರದಿಂದಲೇ ಬಂದದ್ದು. 1936ರಲ್ಲಿ ಶಿವರಾಮ ಕಾರಂತರು 'ಬಾಲ ಪ್ರಪಂಚ' ತಂದಾಗ, ಆ ಕಾಲದಲ್ಲಿ ಕೈಗೆಟುಕುತ್ತಿದ್ದ ಅಚ್ಚು, ಚಿತ್ರ ಎಲ್ಲವನ್ನೂ ಕನ್ನಡದ ಮಗುವಿಗಾಗಿ ದುಡಿಸಿಕೊಂಡರು. ಯಂತ್ರ ಮಗುವಿನ ಮುಗ್ಧತೆಯನ್ನು ಕೆಡಿಸುತ್ತದೆ ಎಂದು ದೂರ ಕೂರಲಿಲ್ಲ. ಆ ಪರಂಪರೆಯವರು ಎಂದು ಹೇಳಿಕೊಳ್ಳುವ ನಾವು ಇವತ್ತು ಮಗುವಿಗಾಗಿ ಯಾವ ಯಂತ್ರವನ್ನು ದುಡಿಸಿಕೊಂಡಿದ್ದೇವೆ?

ಈಗ ಮೊದಲ ಬಣಕ್ಕೆ ಬರುತ್ತೇನೆ.

ನಮ್ಮಪ್ಪ 1975ರಲ್ಲಿ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೊಸದಾಗಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ಆ ವರ್ಷದ ಆಗಸ್ಟ್ 1ರಂದು 'ಸೈಟ್' ಎಂಬ ಪ್ರಯೋಗ ಶುರುವಾಯಿತು. ಅಮೆರಿಕದ ನಾಸಾ ಒಂದು ವರ್ಷದ ಮಟ್ಟಿಗೆ ಕೊಟ್ಟ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಿತ್ತರಿಸುವ ಯೋಜನೆ ಅದು. ಕರ್ನಾಟಕದಲ್ಲಿ ಆಗಿನ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ದೊಡ್ಡ ಛತ್ರಿ, ಮರದ ಪೆಟ್ಟಿಗೆಯೊಳಗೆ ಟಿವಿ. ಬೆಳಿಗ್ಗೆ ಶಾಲಾ ಮಕ್ಕಳಿಗಾಗಿ 22.5 ನಿಮಿಷ ಕನ್ನಡದ ಕಾರ್ಯಕ್ರಮ. ಪೆಟ್ಟಿಗೆಯ ಬೀಗದಕೈ ಅಪ್ಪನ ಜನಿವಾರದಲ್ಲೋ ಉಡಿದಾರದಲ್ಲೋ ಅಲ್ಲ, ಅಂಗಿಯ ಒಳಜೇಬಿನಲ್ಲಿ ಇರುತ್ತಿತ್ತಂತೆ. ಕಳೆದರೆ ನೌಕರಿ ಹೋದೀತೆಂಬ ಹೆದರಿಕೆ.

ಅಪ್ಪ ಈಗಲೂ ನೆನೆಯುವುದು ಒಂದು ಸಂಗತಿಯನ್ನು. ಕಾರ್ಯಕ್ರಮದ ನಡುವೆ ಒಬ್ಬ ಹುಡುಗ ಎದ್ದು ನಿಂತು ಟಿವಿಯನ್ನೇ ಪ್ರಶ್ನೆ ಕೇಳಿಬಿಟ್ಟ. ಎಲ್ಲರೂ ನಕ್ಕರು. ಅವನನ್ನು ಕೂಡಿಸಲಾಯಿತು. 'ಅದು ಹೇಳ್ತದ, ಕೇಳಂಗಿಲ್ಲಪ್ಪ' ಎಂದು ಅಪ್ಪ ಸಮಾಧಾನ ಹೇಳಿದರಂತೆ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹದ ವಾಯಿದೆ ತೀರಿತ್ತು. ಪೆಟ್ಟಿಗೆ ಮಾತ್ರ ಬಹಳ ದಿನ ಅಲ್ಲೇ ಇತ್ತು.

ಆಮೇಲಿನ ಚರಿತ್ರೆಯನ್ನು ನೋಡಿ. 1984ರಲ್ಲಿ ಕೇಂದ್ರ ಸರಕಾರ 'ಕ್ಲಾಸ್' ಯೋಜನೆಯಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಶಾಲೆಗಳಿಗೆ ತಂದಿತು. 2000ದ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ಸರಕಾರಿ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಬಂತು. ಕಂಪ್ಯೂಟರು, ಅದನ್ನು ಕಲಿಸುವ ಬೋಧಕರು ಎಲ್ಲವೂ ಖಾಸಗಿ ಕಂಪನಿಗಳ ಗುತ್ತಿಗೆ. ಗುತ್ತಿಗೆ ಮುಗಿದ ಕಡೆ ಬೋಧಕರು ಹೋದರು, ಯಂತ್ರ ಉಳಿದವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಶ್ರೀಹರಿಕೋಟಾದಿಂದ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಮತ್ತೆ ಛತ್ರಿ, ಮತ್ತೆ ಟಿವಿ. 2010ಕ್ಕೆ ಆ ಉಪಗ್ರಹದ ಆಯುಸ್ಸು ಮುಗಿಯಿತು. 2017ರ ಸೆಪ್ಟೆಂಬರ್ 5ರಂದು 'ದೀಕ್ಷಾ' ಬಂತು. ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಮೂಡಿತು. ಈಗ ಗೋಡೆಯ ಮೇಲೆ ಮುಟ್ಟಿದರೆ ಓಡುವ ಪರದೆ.

ಐವತ್ತು ವರ್ಷಗಳಲ್ಲಿ ಪೆಟ್ಟಿಗೆ ತೆಳ್ಳಗಾಯಿತು, ಚಿತ್ರಕ್ಕೆ ಬಣ್ಣ ಬಂತು. ಅಪ್ಪನ ಶಾಲೆಯ ಆ ಹುಡುಗನ ಸ್ಥಿತಿ ಏನಾಯಿತು? ಅವನು ಈಗಲೂ ಎದ್ದು ನಿಂತರೆ ಕೂಡಿಸುತ್ತೇವೆ. ದ್ಯುತಿಸಂಶ್ಲೇಷಣೆಯ ವಿಡಿಯೋ ಹಚ್ಚಿದರೆ ಅದು ಏಳು ನಿಮಿಷ ಅದರ ಪಾಡಿಗೆ ಅದು ಓಡುತ್ತದೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಯಾರೋ ಓದಿದ ಕನ್ನಡ, ಎಲೆ ಎಂಬುದನ್ನು 'ಪರ್ಣ' ಎನ್ನುತ್ತದೆ, ರಂಧ್ರವನ್ನು 'ಪತ್ರರಂಧ್ರ' ಎನ್ನುತ್ತದೆ. ಎರಡನೇ ನಿಮಿಷದಲ್ಲೇ ಹಿಂದಿನ ಬೆಂಚು ಕೈಬಿಟ್ಟಿರುತ್ತದೆ. ಆದರೂ ಕೋಣೆ ಸದ್ದಿಲ್ಲದೆ ಇರುತ್ತದೆ, ಏಕೆಂದರೆ ಪರದೆಯ ಮೇಲೆ ಬಣ್ಣ ಚಲಿಸುತ್ತಿದೆ. ಈ ಸದ್ದಿಲ್ಲದಿರುವಿಕೆಯನ್ನೇ ನಾವು ಕಲಿಕೆ ಎಂದು ವರದಿ ಬರೆಯುತ್ತೇವೆ. ಪಾಠ ಮಾಡುವಾಗ ಮಗುವಿನ ಹುಬ್ಬು ಗಂಟಿಕ್ಕಿದರೆ ನಾನು ನಿಲ್ಲಿಸುತ್ತೇನೆ, ಹಿಂದೆ ಹೋಗುತ್ತೇನೆ. ವಿಡಿಯೋವನ್ನೂ ನಿಲ್ಲಿಸಬಹುದು. ಆದರೆ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಪ್ರೊಜೆಕ್ಟರ್ ಹಚ್ಚಲು ಹತ್ತು ನಿಮಿಷ ಕಳೆದವನು ನಿಲ್ಲಿಸುವ ಧೈರ್ಯ ಮಾಡುವುದಿಲ್ಲ.

ಇದು ನನ್ನೊಬ್ಬನ ಹಳ್ಳಿಯ ಹೊಟ್ಟೆಕಿಚ್ಚಿನ ಮಾತಲ್ಲ. ಪೆರು ದೇಶ ಬಡಮಕ್ಕಳ ಕೈಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಅಧ್ಯಯನ ಅಲ್ಲಿನ ಹಳ್ಳಿಶಾಲೆಗಳ ಮಕ್ಕಳನ್ನು ಪರೀಕ್ಷಿಸಿ ನೋಡಿದಾಗ ಗಣಿತದಲ್ಲೂ ಭಾಷೆಯಲ್ಲೂ ಸುಧಾರಣೆ ಕಾಣಲಿಲ್ಲ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ 2015ರಲ್ಲಿ ತನ್ನದೇ ಲೆಕ್ಕ ತೆಗೆದು, ಶಾಲೆಗಳಿಗೆ ಕಂಪ್ಯೂಟರ್ ಸುರಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಫಲಿತಾಂಶ ಗಮನಾರ್ಹವಾಗಿ ಮೇಲೇರಿಲ್ಲ ಎಂದಿತು. ಯುನೆಸ್ಕೋ 2023ರ ತನ್ನ ಜಾಗತಿಕ ಶಿಕ್ಷಣ ವರದಿಯ ಶೀರ್ಷಿಕೆಯಲ್ಲೇ ಕೇಳಿತು: ಈ ಸಲಕರಣೆ ಯಾರ ಷರತ್ತಿನ ಮೇಲೆ?

'ನೋಡಿದಿರಾ, ನಾವು ಹೇಳಿದ್ದೇ ಸರಿ' ಎಂದು ಸೀಮೆಸುಣ್ಣದ ಬಣ ಇಲ್ಲಿ ಚಪ್ಪಾಳೆ ತಟ್ಟುವುದು ಬೇಡ. ದೆಹಲಿಯಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ಅಲ್ಲಿ ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ಶಾಲೆ ಮುಗಿದ ಮೇಲೆ ನಾಲ್ಕೂವರೆ ತಿಂಗಳು ಕಂಪ್ಯೂಟರಿನಲ್ಲಿ ಅಭ್ಯಾಸ ಕೊಟ್ಟರು, ಜೊತೆಗೆ ಸಣ್ಣ ಗುಂಪಿನಲ್ಲಿ ಶಿಕ್ಷಕರ ಪಾಠ. ಗಣಿತದಲ್ಲೂ ಹಿಂದಿಯಲ್ಲೂ ಮಕ್ಕಳು ದೊಡ್ಡ ಹೆಜ್ಜೆ ಮುಂದೆ ಹೋದರು. ಕಾರಣ ಸರಳ. ಆರನೇ ತರಗತಿಯ ಸಾಮಾನ್ಯ ಮಗು ಗಣಿತದಲ್ಲಿ ಸುಮಾರು ಎರಡೂವರೆ ತರಗತಿ ಹಿಂದಿತ್ತು. ತರಗತಿಯ ಪಾಠ ಅವರ ತಲೆಯ ಮೇಲೆ ಹಾದುಹೋಗುತ್ತಿತ್ತು. ಆ ತಂತ್ರಾಂಶ ಮಗು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಲೆಕ್ಕ ಕೊಡುತ್ತಿತ್ತು. ತಪ್ಪಿದರೆ ಇನ್ನೊಂದು ಕೊಡುತ್ತಿತ್ತು. ಬೈಯುತ್ತಿರಲಿಲ್ಲ, ಬೇಸರಿಸುತ್ತಿರಲಿಲ್ಲ.

ಪೆರುವಿನ ಯಂತ್ರ, ದೆಹಲಿಯ ಯಂತ್ರ ಎರಡೂ ಕಂಪ್ಯೂಟರೇ. ಒಂದನ್ನು ಹಂಚಿ ಬಿಟ್ಟರು. ಇನ್ನೊಂದನ್ನು ಮಗುವಿನ ಕೈಗೆ ಒಂದು ಕೆಲಸದ ಸಮೇತ ಕೊಟ್ಟರು, ಪಕ್ಕದಲ್ಲಿ ಒಬ್ಬ ಶಿಕ್ಷಕರನ್ನೂ ಇಟ್ಟರು. ನನ್ನ ವಾದ ಇಷ್ಟೇ: ತರಗತಿಯಲ್ಲಿ ಮಗು ಏನಾದರೂ ಮಾಡಲು ಬಿಡುವ ಯಂತ್ರ ಇರಬೇಕು, ಮಗುವನ್ನು ಪ್ರೇಕ್ಷಕ ಮಾಡುವ ಯಂತ್ರಕ್ಕೆ ಸರಕಾರದ ಒಂದು ರೂಪಾಯಿಯೂ ಹೋಗಬಾರದು.

ಹಾಗಾದರೆ ನಮ್ಮ ಕೋಣೆಗೆ ಬೀಗ ಯಾಕೆ? ಇದಕ್ಕೆ ಉತ್ತರ ಯಾವ ಶಿಕ್ಷಣತಜ್ಞರ ಭಾಷಣದಲ್ಲೂ ಸಿಗುವುದಿಲ್ಲ, ದಾಸ್ತಾನು ವಹಿಯಲ್ಲಿ ಸಿಗುತ್ತದೆ. ಶಾಲೆಗೆ ಬಂದ ಪ್ರತಿ ವಸ್ತುವೂ ಆ ವಹಿಯಲ್ಲಿ ಏರುತ್ತದೆ. ವರ್ಗವಾಗುವಾಗ ಮುಖ್ಯಗುರುಗಳು ಪ್ರತಿ ವಸ್ತುವಿನ ಚಾರ್ಜು ಕೊಟ್ಟು ಹೋಗಬೇಕು. ಒಂದು ಮೌಸ್ ಕೆಟ್ಟರೂ, ಒಂದು ಕೀಬೋರ್ಡ್ ಕಳುವಾದರೂ ಬರೆದು ಉತ್ತರ ಕೊಡಬೇಕಾದವರು ಅವರು. ಕಂಪ್ಯೂಟರ್ ಬಳಸಿದ್ದರಿಂದ ನಲವತ್ತು ಮಕ್ಕಳು ಕಲಿತರೆ ಅದಕ್ಕೆ ವಹಿಯಲ್ಲಿ ಕಾಲಂ ಇಲ್ಲ. ಕೆಟ್ಟರೆ ಕಾಲಂ ಇದೆ. ಇಂಥ ವ್ಯವಸ್ಥೆಯಲ್ಲಿ ಬುದ್ಧಿವಂತರಾದವರು ಬೀಗವನ್ನೇ ಹಾಕುತ್ತಾರೆ. ನಮ್ಮ ಮುಖ್ಯಗುರುಗಳು ಒಳ್ಳೆಯ ಮನುಷ್ಯ. ನಾನು ಬೀಗದಕೈ ಕೇಳಿದಾಗ ಅವರು ಹೇಳಿದ್ದು: 'ನೀವು ಹುಡುಗರ ಕೈಗೆ ಕೊಡ್ರಿ ಮಾಸ್ತರ, ನಾಳೆ ಆಡಿಟ್‌ನವರ ಮುಂದ ನಿಲ್ಲಾಂವ ನಾನು.' ಅವರನ್ನು ನಾನು ಹೇಗೆ ಬೈಯಲಿ?

ಕೆಲಸ ಮಾಡುವ ಒಂದೇ ಕಂಪ್ಯೂಟರ್ ಯಾವುದು ಗೊತ್ತೇ? ಆಫೀಸಿನದ್ದು. ಮಕ್ಕಳ ವಿವರ ಎಸ್‌ಎಟಿಎಸ್‌ಗೆ, ಅದೇ ವಿವರ ಇನ್ನೊಂದು ರೂಪದಲ್ಲಿ ಯುಡೈಸ್‌ಗೆ, ಬಿಸಿಯೂಟದ ಲೆಕ್ಕ ಬೇರೆ, ವಿದ್ಯಾರ್ಥಿವೇತನದ ಅರ್ಜಿ ಬೇರೆ. ಸರ್ವರ್ ರಾತ್ರಿ ಹತ್ತರ ಮೇಲೆ ಚುರುಕಾಗುತ್ತದೆ ಎಂದು ಮನೆಯಲ್ಲಿ ಕೂತು ದಾಖಲಿಸುವ ಶಿಕ್ಷಕಿಯರಿದ್ದಾರೆ. ಶಾಲೆಗೆ ಡಿಜಿಟಲ್ ಬಂದಿಲ್ಲ ಎನ್ನುವಂತಿಲ್ಲ. ಮಗುವಿನ ಬಗ್ಗೆ ಮೇಲಕ್ಕೆ ಮಾಹಿತಿ ಕಳಿಸಲು ಅದು ಧಾರಾಳವಾಗಿ ಬಂದಿದೆ. ಆ ಮಾಹಿತಿ ಕಳಿಸುವ ಹೊತ್ತಿನಲ್ಲಿ ಮಗು ಮಾತ್ರ ಶಿಕ್ಷಕರಿಲ್ಲದ ಕೋಣೆಯಲ್ಲಿ ಮಗ್ಗಿ ಬರೆಯುತ್ತಿರುತ್ತದೆ.

ಇದರ ಬೆಲೆ ಏನೆಂದು ಗೊತ್ತಾದದ್ದು 2020ರಲ್ಲಿ. ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಚಂದನ ವಾಹಿನಿಯಲ್ಲಿ 'ಸೇತುಬಂಧ' ಬಂತು, ಆಮೇಲೆ 'ಸಂವೇದ' ಬಂತು. ಮತ್ತೆ ಅದೇ ಟಿವಿ, ಹೇಳುತ್ತದೆ, ಕೇಳುವುದಿಲ್ಲ. ಆಗಸ್ಟಿನಲ್ಲಿ 'ವಿದ್ಯಾಗಮ' ಶುರುವಾದಾಗ ನಾವು ಗುಡಿಯ ಕಟ್ಟೆ, ಮರದ ಕೆಳಗೆ ಕೂತು ಪಾಠ ಮಾಡಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಆಮೇಲೆ ಉಳಿದದ್ದು ಫೋನು. ಆದರೆ ಮನೆಯಲ್ಲಿ ಫೋನು ಒಂದೇ. ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು, ಸಂಜೆ ಬಂದರೆ ಅಣ್ಣನ ಕೈಗೆ. ತಂಗಿಗೆ ಸಿಗುವ ಹೊತ್ತಿಗೆ ಚಾರ್ಜೂ ಇಲ್ಲ, ಡೇಟಾ ಕೂಡ ಇಲ್ಲ. ನನ್ನ ತರಗತಿಯಲ್ಲಿ ಚುರುಕಾಗಿ ಓದುತ್ತಿದ್ದ ಮೂವರು ಹುಡುಗಿಯರು ಶಾಲೆ ಮತ್ತೆ ತೆರೆದಾಗ ಬರಲಿಲ್ಲ. ಇಬ್ಬರದ್ದು ಮದುವೆಯಾಗಿತ್ತು. ಒಬ್ಬಳು ಮೆಣಸಿನಕಾಯಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಅವರು ಹೋದದ್ದು ಫೋನಿಲ್ಲದ್ದರಿಂದ ಮಾತ್ರ ಅಲ್ಲ, ಅದು ನನಗೆ ಗೊತ್ತು. ಆದರೆ ಶಾಲೆಗೂ ಅವರಿಗೂ ನಡುವೆ ಉಳಿದಿದ್ದ ಒಂದೇ ಎಳೆ ಬೇರೆಯವರ ಜೇಬಿನಲ್ಲಿತ್ತು.

ಈಗ ಆ ಫೋನು ಬಹುತೇಕ ಎಲ್ಲರ ಮನೆಯಲ್ಲೂ ಇದೆ. ಗ್ರಾಮೀಣ ಭಾರತದ ಮಕ್ಕಳ ಬಗ್ಗೆ ಬಂದ 2024ರ 'ಅಸರ್' ವರದಿಯ ಪ್ರಕಾರ 14ರಿಂದ 16 ವಯಸ್ಸಿನವರಲ್ಲಿ ಶೇ 82ಕ್ಕಿಂತ ಹೆಚ್ಚು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76, ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇ 57. ತಮ್ಮದೇ ಫೋನು ಇರುವ ಹುಡುಗರು ಶೇ 36, ಹುಡುಗಿಯರು ಶೇ 27ರ ಆಸುಪಾಸು. ಅಂದರೆ ಯಂತ್ರ ಈಗಾಗಲೇ ಮಗುವಿನ ಬದುಕಿನೊಳಗೆ ಬಂದು ಕೂತಿದೆ. ಅದನ್ನು ಕಲಿಕೆಗೆ ಹೇಗೆ ಬಳಸಬೇಕೆಂದು ತೋರಿಸಬೇಕಾದ ಜಾಗ ಶಾಲೆ. ಅಲ್ಲಿ ಬೀಗ. ರೀಲ್ಸ್ ನೋಡುವುದನ್ನು ಊರೇ ಕಲಿಸುತ್ತದೆ, ಅದಕ್ಕೆ ಮೇಷ್ಟರು ಬೇಕಾಗಿಲ್ಲ. ಉಳಿದದ್ದನ್ನು ಕಲಿಸುವವರು ಯಾರು?

'ಮಕ್ಕಳ ಕೈಗೆ ಕೊಟ್ಟರೆ ಹಾಳಾಗುತ್ತಾರೆ' ಎನ್ನುವವರಿಗೆ ನನ್ನ ಅನುಭವ ಹೇಳುತ್ತೇನೆ. ಆ ಹುಡುಗಿ ಪ್ರಶ್ನೆ ಕೇಳಿದ ಮೇಲೆ ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ನನ್ನ ಹಳೆಯ ಫೋನಿನ ಸಿಮ್ ತೆಗೆದು ತರಗತಿಗೆ ಒಯ್ದೆ. ಓದಲು ತಡವರಿಸುವ ಮಕ್ಕಳು ಎಂಟು ಮಂದಿ ಇದ್ದರು. ತರಗತಿಯ ಮುಂದೆ ಗಟ್ಟಿಯಾಗಿ ಓದು ಎಂದರೆ ಅವರ ಗಂಟಲು ಕಟ್ಟುತ್ತದೆ. ಪಕ್ಕದ ಹುಡುಗ ನಗುತ್ತಾನೆ. ಅವರಿಗೆ ಹೇಳಿದೆ: ಒಬ್ಬೊಬ್ಬರೇ ಪಡಸಾಲೆಯ ತುದಿಗೆ ಹೋಗಿ ಒಂದು ಪ್ಯಾರಾ ಓದಿ ರೆಕಾರ್ಡ್ ಮಾಡಿ, ನೀವೇ ಕೇಳಿ, ಸರಿ ಅನ್ನಿಸದಿದ್ದರೆ ಅಳಿಸಿ ಮತ್ತೆ ಓದಿ. ಸರಿ ಅನ್ನಿಸಿದ್ದನ್ನು ಮಾತ್ರ ನನಗೆ ಕೇಳಿಸಿ.

ಮೊದಲ ದಿನ ಅವರು ತಮ್ಮ ದನಿ ಕೇಳಿ ನಾಚಿಕೊಂಡರು. ಮೂರನೇ ದಿನ ಒಬ್ಬ ಒಂದೇ ಪ್ಯಾರಾವನ್ನು ಹನ್ನೊಂದು ಸಲ ಓದಿದ್ದ. ನಾನು ಹೇಳಿದ್ದರೆ ಅವನು ಎರಡು ಸಲವೂ ಓದುತ್ತಿರಲಿಲ್ಲ. ತನ್ನ ತಪ್ಪನ್ನು ಯಾರೂ ಕೇಳದ ಜಾಗದಲ್ಲಿ ತಾನೇ ಕೇಳಿ ತಾನೇ ತಿದ್ದಿಕೊಳ್ಳುವ ಅವಕಾಶವನ್ನು ಹದಿನೆಂಟು ವರ್ಷಗಳಲ್ಲಿ ನನ್ನ ಸೀಮೆಸುಣ್ಣ ಯಾವ ಮಗುವಿಗೂ ಕೊಟ್ಟಿರಲಿಲ್ಲ. ದೀಪಾವಳಿಯ ಹೊತ್ತಿಗೆ ಎಂಟರಲ್ಲಿ ಆರು ಮಂದಿ ತರಗತಿಯ ಮುಂದೆ ನಿಂತು ಓದಿದರು. ಇದಕ್ಕೆ ಇಂಟರ್ನೆಟ್ ಬೇಕಾಗಲಿಲ್ಲ, ಮಂಜೂರಾತಿ ಬೇಕಾಗಲಿಲ್ಲ, ಟೇಪು ಕತ್ತರಿಸಬೇಕಾಗಲಿಲ್ಲ.

ನಮ್ಮ ಗಣಿತದ ಟೀಚರ್ ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶ ಬಳಸುತ್ತಾರೆ. ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ನಾವೆಲ್ಲ ಬಾಯಿಪಾಠ ಮಾಡಿದವರು. ಅವರ ತರಗತಿಯಲ್ಲಿ ಮಗು ತ್ರಿಕೋನದ ತುದಿಯನ್ನು ಹಿಡಿದು ಎಳೆಯುತ್ತದೆ. ತ್ರಿಕೋನ ಉದ್ದವಾಗುತ್ತದೆ, ಕುಳ್ಳಾಗುತ್ತದೆ, ಮೂರೂ ಕೋನ ಬದಲಾಗುತ್ತವೆ, ಮೊತ್ತ ಮಾತ್ರ ಬದಲಾಗುವುದಿಲ್ಲ. 'ಇದು ಯಾಕ್ರಿ ಮೇಡಂ ಅಲುಗಾಡವಲ್ದು?' ಎಂದು ಮಗುವೇ ಕೇಳುತ್ತದೆ. ಗಣಿತ ಶುರುವಾಗುವುದು ಆ ಪ್ರಶ್ನೆಯಿಂದ. ಅಲ್ಲಿಂದ ಮುಂದಿನ ಸಾಧನೆ ಕಪ್ಪುಹಲಗೆಯ ಮೇಲೇ ನಡೆಯುತ್ತದೆ, ಸೀಮೆಸುಣ್ಣದಲ್ಲೇ. ಎರಡಕ್ಕೂ ಜಗಳವೇ ಇಲ್ಲ.

ಇಂಥ ಶಿಕ್ಷಕರು ನಮ್ಮಲ್ಲಿ ಇಲ್ಲ ಎನ್ನಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 'ನಲಿ-ಕಲಿ' ಶುರುವಾದದ್ದು ರಿಷಿವ್ಯಾಲಿಗೆ ಹೋಗಿ ನೋಡಿ ಬಂದ ಸರಕಾರಿ ಶಾಲೆಯ ಮೇಷ್ಟರುಗಳಿಂದ. ರಟ್ಟಿನ ಕಾರ್ಡುಗಳೇ ಅವರ ತಂತ್ರಜ್ಞಾನ. ಕಾರ್ಡು ಮಗುವಿನ ಕೈಯಲ್ಲಿರುತ್ತಿತ್ತು, ಮಗು ತನ್ನ ವೇಗದಲ್ಲಿ ಮೆಟ್ಟಿಲೇರುತ್ತಿತ್ತು. 2011ರ ಸುಮಾರಿಗೆ ಪ್ರೌಢಶಾಲೆಗಳಲ್ಲಿ 'ವಿಷಯ ಶಿಕ್ಷಕರ ವೇದಿಕೆ' ಹುಟ್ಟಿದಾಗ, ಶಿಕ್ಷಕರೇ ಕೂತು ಪಾಠದ ಸಾಮಗ್ರಿ ತಯಾರಿಸಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ವಿಕಿಯಲ್ಲಿ ಕನ್ನಡದಲ್ಲೂ ಸೇರಿಸತೊಡಗಿದರು. ಮೇಲಿನಿಂದ ಪೆಟ್ಟಿಗೆ ಇಳಿಸುವವರಿಗೆ ಈ ಎರಡು ಉದಾಹರಣೆಗಳು ಯಾಕೆ ನೆನಪಾಗುವುದಿಲ್ಲ? ಟೆಂಡರ್ ಕರೆಯಬಹುದಾದದ್ದು ಪರದೆಗೆ ಮಾತ್ರ. ಶಿಕ್ಷಕರು ಕೂತು ಯೋಚಿಸುವ ವೇಳೆಗೆ ಟೆಂಡರ್ ಕರೆಯಲು ಬರುವುದಿಲ್ಲ.

ಕೊನೆಗೆ ಕನ್ನಡದ ಮಾತು. ಇದು ನಿಮಗೂ ನನಗೂ ಸೇರಿದ್ದು.

ಒಂದು ದಿನ ಫೋನಿನಲ್ಲಿ ಮಾತಾಡಿದ್ದನ್ನು ಬರೆದುಕೊಳ್ಳುವ ಸೌಲಭ್ಯವನ್ನು ಮಕ್ಕಳಿಗೆ ತೋರಿಸಿದೆ. ಒಬ್ಬ ಹುಡುಗಿ ಫೋನನ್ನು ಬಾಯಿಯ ಹತ್ತಿರ ಹಿಡಿದು, 'ನಮ್ಮವ್ವ ಹೊಲಕ್ಕ ಹೋಗ್ಯಾಳ' ಎಂದಳು. ಫೋನು 'ಹೊಲಕ್ಕೆ' ಎಂದು ಬರೆಯಿತು, 'ಹೋಗ್ಯಾಳ' ಎಂಬುದು ಇನ್ನೇನೋ ಆಯಿತು. ಅವಳು ನೋಡಿ, 'ಸರ್, ನಾ ಹಂಗ ಅಂದಿಲ್ಲಲ್ರೀ?' ಎಂದಳು. ಆ ದಿನದ ಪಾಠ ಅಲ್ಲಿಗೇ ನಿಂತಿತು, ಬೇರೆ ಪಾಠ ಶುರುವಾಯಿತು. ಯಾರ ಕನ್ನಡ ಯಂತ್ರಕ್ಕೆ ಗೊತ್ತು, ಯಾರದ್ದು ಗೊತ್ತಿಲ್ಲ, ಯಾಕೆ ಗೊತ್ತಿಲ್ಲ? ಮಕ್ಕಳೇ ಉತ್ತರ ಹುಡುಕಿದರು: 'ಅದಕ್ಕ ನಮ್ಮಂಗ ಮಾತಾಡೋರು ಕಲಿಸಿಲ್ಲ ಸರ್.' ಆಮೇಲೆ ಅವರು ಮನೆಯಲ್ಲಿ, ಹೊಲದಲ್ಲಿ ಬಳಸುವ ಮಾತುಗಳನ್ನು ಅವ್ವ, ಅಜ್ಜಿಯರಿಂದ ಕೇಳಿ ರೆಕಾರ್ಡ್ ಮಾಡಿ ತಂದರು. ಬಿತ್ತನೆಗೆ ಸಂಬಂಧಿಸಿದ ಮಾತುಗಳೇ ಎರಡು ಪುಟ ಆದವು. ಅದರಲ್ಲಿ ಎಷ್ಟೋ ನನಗೇ ಗೊತ್ತಿರಲಿಲ್ಲ.

ಕನ್ನಡ ಉಳಿಯುತ್ತದೆಯೋ ಇಲ್ಲವೋ ಎಂದು ವೇದಿಕೆಗಳಲ್ಲಿ ಕಣ್ಣೀರಿಡುವ ನಾವು ಒಂದು ಸಣ್ಣ ಪ್ರಶ್ನೆ ಕೇಳಿಕೊಂಡಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸುವ ಕನ್ನಡ ಮಾಧ್ಯಮದ ಮಗುವಿಗೆ ತನ್ನ ಹೆಸರನ್ನು ಕನ್ನಡದಲ್ಲಿ ಟೈಪು ಮಾಡಲು ಬರುತ್ತದೆಯೇ? ಕೆ.ಪಿ. ರಾವ್ ಅವರು ರೂಪಿಸಿದ ತರ್ಕಬದ್ಧ ಕೀಲಿಮಣೆ ನಮ್ಮಲ್ಲಿ ಇದೆ. ಒಂದು ವಾರದಲ್ಲಿ ಕಲಿಯಬಹುದು. ನನ್ನ ತರಗತಿಯಲ್ಲಿ ಕೇಳಿದಾಗ ಕೈ ಎತ್ತಿದವರು ಇಬ್ಬರು. ಉಳಿದವರು ಗೆಳೆಯರಿಗೆ 'ಊಟ ಆಯ್ತಾ' ಎಂಬುದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಹತ್ತು ವರ್ಷ ಕನ್ನಡ ಲಿಪಿ ಕಲಿಸಿ, ಅವರು ದಿನವೂ ಬರೆಯುವ ಒಂದೇ ಜಾಗದಲ್ಲಿ ಆ ಲಿಪಿಯನ್ನು ಕೈಬಿಡುವಂತೆ ಮಾಡಿದ್ದೇವೆ. ಇನ್ನು ಹಳೆಯ ಫಾಂಟಿನ ಪಿಡಿಎಫ್‌ಗಳ ಕತೆ ನಿಮಗೇ ಗೊತ್ತು. ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿದರೆ ಗೀಚುಬರಹ ಬರುತ್ತದೆ. ಒಂದು ಪದ ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದ ಮಗುವಿಗೆ ಅದನ್ನು ಯಂತ್ರ ಓದಿ ಹೇಳಲಾರದು. ಹುಡುಕಿದರೆ ಸಿಗದ ಭಾಷೆಯಲ್ಲಿ ಮಗು ಯಾಕೆ ಹುಡುಕಬೇಕು?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ದಾಸ್ತಾನು ವಹಿಯ ನಿಯಮ ಬದಲಾಗಲಿ, ಬಳಸಿ ಸವೆದ ಯಂತ್ರಕ್ಕೆ ಯಾರೂ ದಂಡ ತೆರಬೇಕಾಗದಿರಲಿ. ಹೊಸ ಪರದೆ ಕೊಳ್ಳುವ ಮೊದಲು ಹಳೆಯದರ ಬ್ಯಾಟರಿ ಬದಲಿಸಲು ಹಣ ಬರಲಿ. ದಾಖಲಾತಿಯ ಕೆಲಸಕ್ಕೆ ಬೇರೆ ಸಿಬ್ಬಂದಿ ಇರಲಿ, ಮೇಷ್ಟರ ವೇಳೆ ಮಗುವಿಗೆ ಸಿಗಲಿ. ಕನ್ನಡದಲ್ಲಿ ಟೈಪು ಮಾಡುವುದನ್ನು ಎಂಟನೇ ತರಗತಿಯಲ್ಲಿ ಕಾಗುಣಿತದಷ್ಟೇ ಕಡ್ಡಾಯವಾಗಿ ಕಲಿಸಲಿ. ಮಕ್ಕಳು ತಯಾರಿಸಿದ್ದು, ಅವರ ಪದಪಟ್ಟಿ, ಅವರ ಅಜ್ಜಿಯ ಹಾಡು, ಅವರ ಊರಿನ ಕೆರೆಯ ಲೆಕ್ಕ, ಇವು ಎಲ್ಲರಿಗೂ ಸಿಗುವಂತೆ ಒಂದು ಕಡೆ ಸೇರಲಿ.

ನಮ್ಮ ಶಾಲೆಯಲ್ಲಿ ಈಗ ಹಳೆಯ ಕಂಪ್ಯೂಟರುಗಳಲ್ಲಿ ನಾಲ್ಕು ನಡೆಯುತ್ತಿವೆ. ಮುಖ್ಯಗುರುಗಳೂ ನಾನೂ ಕೂತು ಒಂದು ಒಪ್ಪಂದಕ್ಕೆ ಬಂದೆವು. ಗುರುವಾರ, ಶನಿವಾರ ಬೀಗದಕೈ ಮಕ್ಕಳ ಹತ್ತಿರ. ಯಾರು ತೆರೆದರು, ಯಾರು ಮುಚ್ಚಿದರು ಎಂದು ಅವರೇ ಒಂದು ವಹಿಯಲ್ಲಿ ಬರೆಯುತ್ತಾರೆ. ಒಂದು ವರ್ಷದಲ್ಲಿ ಕೆಟ್ಟದ್ದು ಎರಡು ಮೌಸ್. ಅವುಗಳ ಬೆಲೆಯನ್ನು ನಾನೇ ಕೊಟ್ಟೆ. ಆ ಉದ್ಘಾಟನೆಯ ದಿನ ಶಾಲು, ಹಾರಕ್ಕೆ ನಾವೆಲ್ಲ ಸೇರಿ ಹಾಕಿದ ಹಣಕ್ಕಿಂತ ಅದು ಕಡಿಮೆ. ಪಡಸಾಲೆ ಗುಡಿಸುತ್ತಿದ್ದ ಹುಡುಗಿ ಈಗ ಹತ್ತನೇ ತರಗತಿ. ಶನಿವಾರದ ಬೀಗದಕೈ ಅವಳ ಹತ್ತಿರ ಇರುತ್ತದೆ.

ಓದುಗರಲ್ಲಿ ಒಂದೇ ಕೋರಿಕೆ. ನೀವು ಹುಟ್ಟಿದ ಊರಿನ ಸರಕಾರಿ ಶಾಲೆಗೆ ಮುಂದಿನ ಸಲ ಹೋದಾಗ ಬೇವಿನ ಮರದ ಫೋಟೋ ಆಮೇಲೆ ತೆಗೆಯಿರಿ. ಮೊದಲು ಕಂಪ್ಯೂಟರ್ ಕೋಣೆ ಎಲ್ಲಿದೆ ಎಂದು ಕೇಳಿ. ಬೀಗದಕೈ ಯಾರ ಹತ್ತಿರ ಇದೆ ಎಂದು ಕೇಳಿ. ಉತ್ತರವನ್ನು ಮೇಷ್ಟರಿಂದ ಅಲ್ಲ, ಒಂಬತ್ತನೇ ತರಗತಿಯ ಒಬ್ಬ ಹುಡುಗಿಯಿಂದ ಕೇಳಿ.